ಮೊಣಕೈಯ ಎರಡು ಫಿಲ್ಮು

ಎಕ್ಸ್‌ರೇ ವಿಭಾಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಅವರಿಗೆ ತಿಳಿಯದ ಯಂತ್ರವಿಲ್ಲ. ಎದೆಗೆ ಎಷ್ಟು, ಸೊಂಟಕ್ಕೆ ಎಷ್ಟು ಕಿರಣ ಬಿಡಬೇಕೆಂಬುದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಆದರೆ ಪೊಲೀಸರು ಒಬ್ಬ ಹುಡುಗನ ಕೈಗೆ ಕೋಳ ಹಾಕಿಕೊಂಡು ಬಂದು, ಇವನ ವಯಸ್ಸು ಬೇಕು ಎಂದು ಬಾಗಿಲಲ್ಲಿ ನಿಂತರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಬಿ.ಎಸ್ಸಿ. ಮುಗಿಸಿ, ಮೇಲೆ ಎರಡು ವರ್ಷ ಎಕ್ಸ್‌ರೇ ಕಲಿತು ಬಂದ ನನಗೂ ಹೇಳಿಕೊಟ್ಟಿರಲಿಲ್ಲ. ನನ್ನ ವರ್ಗಾವಣೆ, ಬಡ್ತಿಗಳ ವಿವರ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರಿಗೂ ಬುದ್ಧಿ ಬರಲಾರದು. ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗಿನ ಕಾನೂನು ಸರಳವಾಗಿತ್ತು. ಹದಿನಾರು ತುಂಬದ ಗಂಡು ಹುಡುಗ ಕೊಲೆ ಮಾಡಿದರೂ ಅವನು ಬಾಲಾಪರಾಧಿ. ಅವನಿಗೆ ಬೇರೆ ನ್ಯಾಯಾಲಯ, ಜೈಲಿನ ಬದಲು ಬಾಲಮಂದಿರದಂಥ ಮನೆ, ಕೆಲವು ವರ್ಷಗಳ ಮೇಲೆ ಬಿಡುಗಡೆ. ಹದಿನಾರು ತುಂಬಿದ್ದರೆ ದೊಡ್ಡವರ ಕೋರ್ಟು, ದೊಡ್ಡವರ ಜೈಲು. ಜನನ ಪತ್ರವಿಲ್ಲದ, ಶಾಲೆಯ ಮೆಟ್ಟಿಲು ಹತ್ತದ ಹುಡುಗರಿಗೆ ಮೂಳೆಯೇ ಸಾಕ್ಷಿ. ಬೆಳೆಯುವ ಮಕ್ಕಳ ಮೂಳೆಯ ತುದಿಗೂ ಉಳಿದ ಭಾಗಕ್ಕೂ ನಡುವೆ ಫಿಲ್ಮಿನಲ್ಲಿ ಕಪ್ಪು ಗೆರೆ ಕಾಣುತ್ತದೆ. ಬೆಳವಣಿಗೆ ಮುಗಿಯುತ್ತ ಬಂದ ಹಾಗೆ ಗೆರೆ ಮುಚ್ಚುತ್ತದೆ. ಮೊಣಕೈಯ ಗೆರೆಗಳು ಹದಿನಾರರ ಹೊತ್ತಿಗೆ ಕೂಡಿಕೊಳ್ಳುತ್ತವೆ, ಮಣಿಕಟ್ಟಿನವು ಇನ್ನೆರಡು ಮೂರು ವರ್ಷ ತಡವಾಗಿ. ಹೀಗಾಗಿ ಒಬ್ಬ ಹುಡುಗ ಯಾವ ಕೋರ್ಟಿಗೆ ಹೋಗಬೇಕೆಂಬುದನ್ನು ಅವನ ಮೊಣಕೈ ಹೇಳಬಲ್ಲದು, ಯಾರಾದರೂ ನೋಡಿದರೆ.

ಹೊಸದುರ್ಗದಲ್ಲಿ ನನ್ನ ಮೊದಲ ಡಾಕ್ಟರು ಫಿಲ್ಮನ್ನು ನೋಡುತ್ತಿರಲಿಲ್ಲ, ಪೊಲೀಸರ ಪತ್ರವನ್ನು ನೋಡುತ್ತಿದ್ದರು. ಅದರಲ್ಲಿ ವಯಸ್ಸು ಮೊದಲೇ ನಮೂದಾಗಿರುತ್ತಿತ್ತು. 'ಎಷ್ಟು ಅಂತ ಬರ್ದವ್ರೆ?' ಎಂದು ಕೇಳಿ, ಅದೇ ಅಂಕಿಯನ್ನು ಇಂಗ್ಲಿಷಿನಲ್ಲಿ ಬರೆದು, ಮುಂದೆ 'ಆಸುಪಾಸು' ಎಂದು ಸೇರಿಸುತ್ತಿದ್ದರು. ಅವರ ವೈದ್ಯಶಾಸ್ತ್ರವೆಲ್ಲ ಆ ಒಂದು 'ಆಸುಪಾಸಿ'ನಲ್ಲಿತ್ತು. ಒಮ್ಮೆ ನಾನು ತಡೆಯಲಾರದೆ ಒದ್ದೆ ಫಿಲ್ಮನ್ನೇ ಹಿಡಿದು ಅವರ ಮೇಜಿಗೆ ಒಯ್ದೆ. ಅವರು ಅದನ್ನು ತಲೆಕೆಳಗಾಗಿ ಕಿಟಕಿಗೆ ಹಿಡಿದು, ಚೆನ್ನಾಗಿ ಬಂದಿದೆ ಎಂದು ನನ್ನನ್ನು ಹೊಗಳಿ ಕಳಿಸಿದರು.

ಅವರನ್ನು ಹೀಗಳೆಯುವ ನಾನು ಏನು ಕಡಿಮೆ ಮಾಡಿದೆ? ಹೊಳಲ್ಕೆರೆಯಲ್ಲಿದ್ದಾಗ ಫಿಲ್ಮಿನ ಅಭಾವ. ಒಂದೇ ಫಿಲ್ಮಿನ ಅರ್ಧವನ್ನು ಸೀಸದ ಹಾಳೆಯಿಂದ ಮುಚ್ಚಿ ಎರಡು ಚಿತ್ರ ತೆಗೆಯುತ್ತಿದ್ದೆವು. ಯಾರದು ಯಾವುದೆಂದು ತಿಳಿಯಲು ಪಕ್ಕದಲ್ಲಿ ಸೀಸದ ಅಂಕಿಗಳನ್ನು ಇಡಬೇಕು. ಹೊಡೆದಾಟದ ಪ್ರಕರಣವೊಂದರಲ್ಲಿ ಅಣ್ಣತಮ್ಮಂದಿರಿಬ್ಬರನ್ನು ಒಟ್ಟಿಗೆ ಕರೆತಂದರು. ನಾನು ಅಂಕಿಗಳನ್ನು ಅದಲುಬದಲು ಇಟ್ಟೆ. ಮೀಸೆ ಬಂದ ಅಣ್ಣ ಬಾಲಮಂದಿರಕ್ಕೆ ಹೋದ, ಎದೆಯುದ್ದದ ತಮ್ಮ ಜೈಲಿಗೆ ಹೋದ. ಕರೆದೊಯ್ದ ಪೊಲೀಸರಿಗೆ ಕಣ್ಣಿತ್ತು, ಒಳಗೆ ಕಳಿಸಿದವರಿಗೆ ಕಣ್ಣಿತ್ತು, ಬಾಗಿಲು ತೆರೆದ ಜೈಲಿನವರಿಗೂ ಕಣ್ಣಿತ್ತು. ಕಾಗದದಲ್ಲಿ ಇದ್ದದ್ದನ್ನು ಒಬ್ಬರೂ ಪ್ರಶ್ನಿಸಲಿಲ್ಲ. ಕೊನೆಗೆ ಅವರ ತಾಯಿ ಆಸ್ಪತ್ರೆಯ ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದ ಮೇಲೆ ತಪ್ಪು ಹೊರಬಿತ್ತು. ಈಗ ಟಿವಿಯಲ್ಲಿ ಕುಳಿತವರು, ಹದಿನಾರು ದಾಟಿದವನು ಘೋರ ಅಪರಾಧ ಮಾಡಿದರೆ ದೊಡ್ಡವನೆಂದೇ ವಿಚಾರಿಸಬಹುದು ಎಂಬ ಹೊಸ ಕಾನೂನನ್ನು ಏನೋ ಮಹಾ ಸಾಧನೆಯಂತೆ ಕೊಂಡಾಡುತ್ತಾರೆ. ನಮ್ಮ ಕಡೆ ಆ ಕೆಲಸ ಯಾವ ಕಾನೂನೂ ಇಲ್ಲದೆ, ಒಂದು ಬಾಲ್ ಪೆನ್ನಿನಿಂದ ನಡೆಯುತ್ತಿತ್ತು.

ಇಷ್ಟು ಹೇಳಿದ್ದು ಮುಂದಿನದನ್ನು ಹೇಳಲಿಕ್ಕಾಗಿ. ತೊಂಬತ್ತರ ದಶಕದ ನಡುವೆ ನಾನು ಹಿರಿಯೂರಿನ ಆಸ್ಪತ್ರೆಯಲ್ಲಿದ್ದೆ. ಒಂದು ಭಾನುವಾರ ನೆಂಟರನ್ನು ಮಾರಿಕಣಿವೆಯ ಅಣೆಕಟ್ಟೆ ತೋರಿಸಲು ಕರೆದೊಯ್ದು, ಅವರನ್ನು ಬಸ್ಸಿಗೆ ಹತ್ತಿಸಿ, ಸ್ಕೂಟರಿನಲ್ಲಿ ಹಿಂದಿರುಗುವಾಗ ಹಿಂದಿನ ಚಕ್ರ ಕೂತಿತು. ತಳ್ಳಿಕೊಂಡು ಹೆದ್ದಾರಿ ಪಕ್ಕದ ಪಂಚರ್ ಅಂಗಡಿಗೆ ಬಂದೆ. ಮಧ್ಯಾಹ್ನ ಮೂರರ ಬಿಸಿಲು. ಅಂಗಡಿಯ ರುದ್ರಣ್ಣ ನನಗೆ ಪರಿಚಿತ. ಗಿರಾಕಿಗಳ ಜೊತೆ ನಗುನಗುತ್ತ ಮಾತಾಡುವವನು. ಅವನ ಬಳಿ ಕೆಲಸಕ್ಕಿದ್ದ ಹುಡುಗ ತಿಪ್ಪೇಶ. ಅವನನ್ನೂ ನಾಲ್ಕೈದು ಸಲ ನೋಡಿದ್ದೆ.

ರುದ್ರಣ್ಣ ಸ್ಟೂಲು ಎಳೆದು, 'ಕುಂತ್ಕಳ್ರಿ ಸಾರ್, ಐದು ನಿಮಿಷ' ಎಂದ. ಟ್ಯೂಬು ಮುಳುಗಿಸಿ ತೂತು ಹುಡುಕುವ ನೀರಿನ ತೊಟ್ಟಿಯ ಪಕ್ಕದಲ್ಲಿ ಕುಳಿತೆ. ಬೆನ್ನ ಹಿಂದೆ ಗೋಡೆಗೆ ಒತ್ತಿ ಸಾಮಾನಿನ ಕಬ್ಬಿಣದ ಪೆಟ್ಟಿಗೆ ಇತ್ತು. ಹುಡುಗ ಚಕ್ರ ಬಿಚ್ಚಿ, ಟೈರು ಮೀಟುವ ಕಬ್ಬಿಣದ ಲಿವರನ್ನು ನೆಲದ ಮೇಲೆ ಬಿಟ್ಟು ಟ್ಯೂಬು ಎಳೆಯುತ್ತಿದ್ದ. ರುದ್ರಣ್ಣ ನನ್ನ ಜೊತೆ ಅಣೆಕಟ್ಟೆಯ ನೀರಿನ ಮಾತಾಡುತ್ತಲೇ, ಕೈಗೆ ಸಿಕ್ಕ ಹಳೆಯ ಟ್ಯೂಬಿನ ತುಂಡಿನಿಂದ ಅವನ ತಲೆಗೆ, ಕಿವಿಗೆ ಬಾರಿಸಿದ. ಕೋಪವೇನೂ ಇರಲಿಲ್ಲ. ನೊಣ ಓಡಿಸುವವನಂತೆ ಹೊಡೆಯುತ್ತಿದ್ದ.

'ಲಿವರ್ ಪೆಟ್ಟಿಗೆಗೆ ಹಾಕು ಅಂತ ದಿನಕ್ಕೆ ಎಷ್ಟು ಸಲ ಹೇಳ್ಬೇಕಲೇ ನಿಂಗೆ?' ಎಂದು, ನನ್ನ ಕಡೆ ತಿರುಗಿ ಕಣ್ಣು ಹೊಡೆದ. 'ಸಾರ್, ನೀವು ಎಕ್ಸರೇ ಅಲ್ವಾ, ಇವನ ತಲೇದು ಒಂದು ತೆಗ್ದು ನೋಡ್ರಿ, ಒಳಗೆ ಏನಾದ್ರೂ ಐತಾ ಅಂತ.'

ನಾನು ನಕ್ಕೆ. ಜೋರಾಗಿಯೇ ನಕ್ಕೆ. ನಾನು ಕೊಟ್ಟ ಯಾವ ಹೇಳಿಕೆಯಲ್ಲೂ ಈ ನಗು ಇಲ್ಲ.

ಹುಡುಗ ಲಿವರ್ ಎತ್ತಿಕೊಂಡ. ಪೆಟ್ಟಿಗೆಗೆ ಹಾಕುತ್ತಾನೆಂದುಕೊಂಡೆವು. ಅವನು ಸ್ಕೂಟರಿನ ಕಡೆ ಬಗ್ಗಿದ್ದ ರುದ್ರಣ್ಣನ ತಲೆಗೆ ಎರಡು ಸಲ ಹೊಡೆದ. ಎರಡೇ. ರುದ್ರಣ್ಣ ಸ್ಕೂಟರಿನ ಮೇಲೆ ಕುಸಿದು, ಸ್ಕೂಟರು ಸಮೇತ ಉರುಳಿದ. ಹುಡುಗ ಲಿವರ್ ಹಿಡಿದೇ ನನ್ನ ಕಡೆ ತಿರುಗಿದ. ನಾನು ಏಳಲು ಹೋಗಿ ಸ್ಟೂಲು ಜಾರಿ ತೊಟ್ಟಿಯೊಳಗೆ ಅಂಗಾತ ಬಿದ್ದೆ. ಕೊಳಕು ನೀರು ಬಾಯಿಗೆ ಬಂತು. ಕೆಳಗಿನಿಂದ ನೋಡಿದವನಿಗೆ ಆಕಾಶದ ತುಂಬ ಅವನೊಬ್ಬನೇ ಇದ್ದ. ಲಿವರ್ ಹಿಡಿದ ಕೈ ನನ್ನ ಮುಖದ ಮೇಲಿಂದ ಹಾದು ಬಂತು. ಕಣ್ಣು ಮುಚ್ಚಿದೆ. ತಲೆಯ ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು. ತಪ್ಪಿತು ಎಂದುಕೊಂಡು, ಎದ್ದು, ಚಪ್ಪಲಿಯಿಲ್ಲದೆ ಡಾಂಬರಿನ ಮೇಲೆ ಓಡಿದೆ. ಆ ಸದ್ದು ಈಗಲೂ ಬರುತ್ತದೆ. ಮನೆಯಲ್ಲಿ ಪಾತ್ರೆ ಬಿದ್ದರೆ ನಾನು ಕುರ್ಚಿಯಿಂದ ಅರ್ಧ ಎದ್ದಿರುತ್ತೇನೆ. ತಗ್ಗು ಸ್ಟೂಲಿನ ಮೇಲೆ ಕೂರುವುದನ್ನು ಬಿಟ್ಟು ಮೂವತ್ತು ವರ್ಷವಾಗುತ್ತ ಬಂತು.

ಹುಡುಗ ಓಡಿಹೋಗಿರಲಿಲ್ಲ. ಪೊಲೀಸರು ಬಂದಾಗ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದನಂತೆ. ರುದ್ರಣ್ಣ ನಮ್ಮ ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಬಿಟ್ಟಿದ್ದ. ಒದ್ದೆ ಬಟ್ಟೆಯಲ್ಲೇ ನಾನು ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ನನ್ನನ್ನೂ ಕೊಲ್ಲಲು ಬೀಸಿದ, ತಪ್ಪಿಸಿಕೊಂಡೆ ಎಂದೆ. ಸಬ್ ಇನ್ಸ್‌ಪೆಕ್ಟರ್ ಬರೆಯುತ್ತ, ಹುಡುಗನಿಗೆ ಎಷ್ಟು ವಯಸ್ಸಿರಬಹುದೆಂದು ಕೇಳಿದರು. ಇಪ್ಪತ್ತು, ಇಪ್ಪತ್ತೆರಡು ಎಂದೆ.

'ಇಪ್ಪತ್ತು ಅಂತ ಹಾಕ್ಕಂತೀನಿ ಸಾರ್, ರೌಂಡಾಗಿರ್ತೈತೆ' ಎಂದರು. ಒಬ್ಬ ಮನುಷ್ಯನ ವಯಸ್ಸನ್ನು ತೂಕದ ಈರುಳ್ಳಿಯಂತೆ ರೌಂಡು ಮಾಡಿದರು. ಸಹಿ ಹಾಕಿದವನು ನಾನು.

ಮರುದಿನ ಹೆದ್ದಾರಿಯ ಅಂಗಡಿಗಳೆಲ್ಲ ಬಂದ್. ಮೆರವಣಿಗೆ ಹೊರಟವರು, ಇಂಥವನನ್ನು ಸುಮ್ಮನೆ ಬಿಡಬಾರದು ಎಂದು ಕೂಗಿದರು. ಆ ಹುಡುಗನಿಂದ ಹಗಲೆಲ್ಲ ಚಕ್ರಕ್ಕೆ ಗಾಳಿ ಹಾಕಿಸಿಕೊಂಡು ಹೋದವರೂ ಅದರಲ್ಲಿದ್ದರು. ಅಂಗಡಿಯಲ್ಲಿ ಇದ್ದಷ್ಟು ದಿನ 'ಲೇ ಹುಡುಗ' ಎಂದು ಕರೆಸಿಕೊಂಡವನು ಲಿವರ್ ಎತ್ತಿದ ಕ್ಷಣಕ್ಕೆ ಊರಿಗೆಲ್ಲ ಗಂಡಸಾಗಿಬಿಟ್ಟಿದ್ದ. ನಾನು ಆಸ್ಪತ್ರೆಯ ಕಿಟಕಿಯಿಂದ ನೋಡುತ್ತಿದ್ದೆ, ಮನಸ್ಸಿನಲ್ಲಿ ಅವರ ಜೊತೆಗೇ ಕೂಗುತ್ತಿದ್ದೆ.

ನಾಲ್ಕು ದಿನದ ಮೇಲೆ ಅವನ ತಾಯಿ ಹೊರಕೆರೆದೇವಪುರದ ಕಡೆಯ ಹಳ್ಳಿಯಿಂದ ಬಂದು, ನನ್ನ ಮಗನಿಗೆ ಹದಿನೈದೂ ತುಂಬಿಲ್ಲ ಎಂದು ಮ್ಯಾಜಿಸ್ಟ್ರೇಟರ ಮುಂದೆ ಅತ್ತಳು. ಕಾಗದ ಏನಿದೆ ಎಂದು ಕೇಳಿದರು. ಹಿರಿ ಮಗಳ ಮದುವೆಯಲ್ಲಿ ಅವನಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ ಎಂಬುದೊಂದೇ ಅವಳಲ್ಲಿದ್ದ ದಾಖಲೆ. ಮೂಳೆ ಪರೀಕ್ಷೆ ಮಾಡಿಸಿ ಎಂದು ಆದೇಶವಾಯಿತು. ಹಿರಿಯೂರಿನಲ್ಲಿ ಎಕ್ಸ್‌ರೇ ತೆಗೆಯುವವನು ನಾನೊಬ್ಬನೇ. ಕೊಲೆಯ ಸಾಕ್ಷಿಯೇ ಆರೋಪಿಯ ಮೂಳೆಯ ಚಿತ್ರ ತೆಗೆಯುವುದು ಸರಿಯೇ ಎಂದು ಪೊಲೀಸರು ಕೇಳಲಿಲ್ಲ, ಡಾಕ್ಟರು ಕೇಳಲಿಲ್ಲ. ನಾನೂ ಕೇಳಲಿಲ್ಲ, ರಜೆ ಹಾಕಲು ಹೋದೆ, ಸಿಗಲಿಲ್ಲ.

ಇಬ್ಬರು ಪೇದೆಗಳು ಅವನನ್ನು ತಂದರು. ಕೋಳ ಬಿಚ್ಚದೆ ಕೈ ಚಾಚಲಾಗದು, ಬಿಚ್ಚಿಸಿದೆ. ಬಿಚ್ಚಿದ ಮೇಲೆ ನಾನು ಮೇಜಿನ ಆಚೆ ಬದಿಗೆ ಹೋಗಿ ನಿಂತೆ. ಮೇಜಿನ ಮೇಲೆ ಅವನ ಮೊಣಕೈ ಇಡಿಸಲು ಮುಟ್ಟಲೇಬೇಕಾಯಿತು. ಆ ಕೈ ನನ್ನ ಎರಡು ಬೆರಳ ಹಿಡಿಗೆ ಬಂತು. ಅದೇ ಕೈಯನ್ನು ನಾನು ಆಕಾಶದಷ್ಟು ದೊಡ್ಡದಾಗಿ ಕಂಡಿದ್ದೆ.

ಅವನು ಮೆಲ್ಲಗೆ ಕೇಳಿದ. 'ಸಾರ್, ನಿಮ್ಮ ಗಾಡಿ ಪಂಚರ್ ಯಾರು ಹಾಕಿದ್ರು?'

'ಬಾಯ್ಮುಚ್ಚಲೇ' ಎಂದ ಪೇದೆ.

ಡಾರ್ಕ್ ರೂಮಿಗೆ ಹೋಗಿ ತೊಳೆದು ತಂದು ನೋಡಿದೆ. ಮೊಣಕೈಯ ಗೆರೆಗಳು ತೆರೆದೇ ಇದ್ದವು. ನನಗೆ ನಂಬಿಕೆಯಾಗಲಿಲ್ಲ, ಅಥವಾ ನಂಬಲು ಇಷ್ಟವಾಗಲಿಲ್ಲ. ಕೈ ಅಲುಗಿರಬೇಕು ಎಂದು ಹೇಳಿ ಎರಡನೆಯದು ತೆಗೆದೆ. ಮರಳಿನ ಚೀಲ ಒತ್ತಿ, ಅಲುಗಬೇಡ ಎಂದು ಗದರಿ ತೆಗೆದೆ. ಎರಡನೆಯದರಲ್ಲೂ ಗೆರೆಗಳಿದ್ದವು, ಇನ್ನೂ ಸ್ಪಷ್ಟವಾಗಿ.

ನಾನು ಡಾರ್ಕ್ ರೂಮಿನ ಪರದೆ ಸರಿಸಿ ಹೊರಗೆ ಬಂದಾಗ ಹುಡುಗ ಮೇಜಿನ ಮೇಲೆ ಉಳಿದಿದ್ದ ಸೀಸದ ಅಂಕಿಗಳನ್ನು ಹೆಕ್ಕಿ, ನನ್ನ ಹಿಂದಿನ ಗೂಡಿನಲ್ಲಿದ್ದ ಡಬ್ಬಿಗೆ ಹಾಕಲು ಕೈ ಚಾಚಿದ. ಆ ಕೈ ನನ್ನ ಭುಜದ ಮೇಲಿಂದ ಹಾದು ಹೋಯಿತು. ಪೇದೆಗಳು ಎದ್ದು ನಿಂತರು. ಅಂಕಿಗಳು ಡಬ್ಬಿಗೆ ಬಿದ್ದವು. ಯಾರೂ ಹೇಳಿರಲಿಲ್ಲ, ಬಳಸಿದ ಸಾಮಾನನ್ನು ಅದರ ಜಾಗಕ್ಕೆ ಹಾಕದಿದ್ದರೆ ಹೊಡೆತ ಬೀಳುತ್ತದೆಂದು ಅವನ ಮೈಗೆ ಗೊತ್ತಿತ್ತು.

ಆಗ ನನಗೆ ತಿಳಿಯಿತು. ಅಂಗಡಿಯಲ್ಲಿ ಅವನು ನನ್ನ ಮೇಲೆ ಬಂದಿರಲಿಲ್ಲ. ಪೆಟ್ಟಿಗೆ ನನ್ನ ಬೆನ್ನ ಹಿಂದೆ ಇತ್ತು. ಎರಡು ಏಟು ಹೊಡೆದು, ಹೊಡೆಸಿಕೊಂಡ ರುದ್ರಣ್ಣ ಹೇಳಿದ್ದಂತೆಯೇ ಲಿವರನ್ನು ಪೆಟ್ಟಿಗೆಗೆ ಹಾಕಿದ್ದ.

ಫಿಲ್ಮುಗಳನ್ನು ಡಾಕ್ಟರ ಮುಂದಿಟ್ಟೆ. ಹೊಸದುರ್ಗದವರಷ್ಟು ದಡ್ಡರಲ್ಲ ಇವರು. ಓದಿದವರು, ಗೆರೆ ಎಲ್ಲಿರುತ್ತದೆಂದು ಬಲ್ಲವರು. ಅದಕ್ಕೇ ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಮೊದಲು, ಒಂದೇ ಮೊಣಕೈಗೆ ಎರಡು ಫಿಲ್ಮು ದಂಡ ಮಾಡಿದ್ದಕ್ಕೆ ರೇಗಿದರು. ಸಾರ್, ಮೊಣಕೈ ಕೂಡಿಲ್ಲ, ಹದಿನಾರರ ಒಳಗೇ ಎಂದೆ. ಅವರು ಫಿಲ್ಮು ಕೆಳಗಿಟ್ಟು ನನ್ನನ್ನೇ ನೋಡಿದರು.

'ಇಪ್ಪತ್ತು ಅಂತ ಹೇಳಿಕೆ ಕೊಟ್ಟೋನು ನೀನೇ ಅಲ್ವೇನಯ್ಯ? ಈಗ ಹದಿನೈದು ಅಂತ ಬರೀಬೇಕಾ? ಅದು ಸುಳ್ಳು ಅಂತ ಹೇಳು, ಬರೀತೀನಿ. ಊರು ಬಂದು ಕೇಳಿದ್ರೆ ನಿನ್ನ ಹೆಸರೇ ಹೇಳ್ತೀನಿ.'

ನಾನು ಹೇಳಲಿಲ್ಲ. ಆಗ ನಾನು ಲೆಕ್ಕ ಹಾಕಿದ್ದು ಇಷ್ಟೇ: ಬಾಲಾಪರಾಧಿಯಾದರೆ ಮೂರು ವರ್ಷಕ್ಕೆ ಹೊರಗೆ ಬರುತ್ತಾನೆ, ನನ್ನ ಮನೆ ಹಿರಿಯೂರಿನಲ್ಲೇ ಇದೆ. ಅವನು ನನ್ನನ್ನು ಹೊಡೆಯಲು ಬಂದಿರಲಿಲ್ಲ ಎಂದು ತಿಳಿದ ಮೇಲೂ ಆ ಭಯ ಹೋಗಲಿಲ್ಲ. ತಿಳಿವಳಿಕೆಗೂ ಭಯಕ್ಕೂ ಸಂಬಂಧವಿದೆ ಎನ್ನುವವರು ತೊಟ್ಟಿಯಲ್ಲಿ ಬಿದ್ದವರಲ್ಲ. ಡಾಕ್ಟರು 'ಹತ್ತೊಂಬತ್ತರ ಆಸುಪಾಸು' ಎಂದು ಬರೆದು, ಇಪ್ಪತ್ತರಲ್ಲಿ ಒಂದು ಕಡಿಮೆ ಮಾಡಿದ್ದೇ ದೊಡ್ಡ ಉಪಕಾರವೆಂಬಂತೆ ಪೆನ್ನು ಮುಚ್ಚಿದರು.

ಹೊರಗೆ ಕಾರಿಡಾರಿನಲ್ಲಿ ಅವನ ತಾಯಿ ನಿಂತಿದ್ದಳು. ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡು, 'ಎಲುಬು ಏನ್ ಹೇಳ್ತು ಸಾರ್?' ಎಂದಳು. ಡಾಕ್ಟರು ಬರೆದಿದ್ದಾರಮ್ಮ ಎಂದು ಹೇಳಿ ಪಕ್ಕದಿಂದ ದಾಟಿ ಹೋದೆ.

ವಿಚಾರಣೆ ಜಿಲ್ಲಾ ಕೇಂದ್ರವಾದ ದುರ್ಗದ ಸೆಷನ್ಸ್ ಕೋರ್ಟಿನಲ್ಲಿ ನಡೆಯಿತು. ನಡೆಯಿತು ಎನ್ನುವುದಕ್ಕಿಂತ ಮುಂದಕ್ಕೆ ಹೋಯಿತು ಎನ್ನಬೇಕು. ವಕೀಲರಿಲ್ಲ, ನ್ಯಾಯಾಧೀಶರು ರಜೆ, ಆರೋಪಿಯನ್ನು ಕರೆತರಲು ಪೇದೆಗಳಿಲ್ಲ. ಎರಡೂವರೆ ವರ್ಷ. ಹುಡುಗರನ್ನು ದೊಡ್ಡವರನ್ನಾಗಿ ಮಾಡಲು ಕೋರ್ಟಿನಲ್ಲಿ ಇರುವ ಎಲ್ಲಕ್ಕಿಂತ ಸುಲಭದ ವಿಧಾನ ಇದೇ: ಕಾಯಿಸುವುದು. ನಾನು ಸಾಕ್ಷಿ ಹೇಳಲು ಹತ್ತಿದ ದಿನ ಆರೋಪಿಯ ಕಟಕಟೆಯಲ್ಲಿದ್ದವನಿಗೆ ಮೀಸೆ ಮೂಡಿತ್ತು, ಭುಜ ಅಗಲವಾಗಿತ್ತು. ಯಾರು ನೋಡಿದರೂ ಹತ್ತೊಂಬತ್ತು ಎನ್ನುವಂತಿದ್ದ. ಸರ್ಕಾರಿ ವಕೀಲರು ಮೊದಲೇ ಪಕ್ಕಕ್ಕೆ ಕರೆದು, ಹೊಸದೇನೂ ಹೇಳಬೇಡಿ, ಠಾಣೆಯಲ್ಲಿ ಹೇಳಿದ್ದನ್ನೇ ಹೇಳಿ ಎಂದು ತಿಳಿಸಿದ್ದರು. ಆರೋಪಿಗೆ ಕೋರ್ಟೇ ನೇಮಿಸಿಕೊಟ್ಟ ವಕೀಲರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ, ಎರಡೂ ಆ ದಿನದ ಬಿಸಿಲಿನ ಬಗ್ಗೆ. ಫಿಲ್ಮು ತೆಗೆದವನು ನಾನೇ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಕಡತ ಓದಿದ್ದರೆ ಗೊತ್ತಾಗುತ್ತಿತ್ತು. ನಾನು ಠಾಣೆಯಲ್ಲಿ ಹೇಳಿದ್ದನ್ನೇ ಹೇಳಿ ಇಳಿದೆ. ಕೊಲೆಗೆ ಜೀವಾವಧಿ, ನನ್ನನ್ನು ಕೊಲ್ಲಲು ಯತ್ನಿಸಿದ್ದಕ್ಕೆ ಬೇರೆ ಏಳು ವರ್ಷ. ಆ ಏಳು ವರ್ಷವನ್ನು ಪೂರ್ತಿಯಾಗಿ ನಾನೇ ತಯಾರಿಸಿದ್ದೆ.

ಮುಂದೆ ನನಗೆ ದುರ್ಗದ ಆಸ್ಪತ್ರೆಗೆ ವರ್ಗವಾಯಿತು. ಕೈಯಲ್ಲಿ ತೊಳೆಯುವ ಫಿಲ್ಮು ಹೋಗಿ, ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಒಣಗಿ ಬರುವ ಯಂತ್ರ ಬಂತು. ಹಳೆಯ ಫಿಲ್ಮುಗಳನ್ನು ಅವುಗಳಲ್ಲಿರುವ ಬೆಳ್ಳಿಗಾಗಿ ಹರಾಜು ಹಾಕುವುದು ನಮ್ಮಲ್ಲಿ ವಾಡಿಕೆ. ಹಿರಿಯೂರು ಬಿಡುವ ಮೊದಲು ಅಲ್ಲಿನ ಹಳೆಯ ಕಟ್ಟುಗಳ ಪಟ್ಟಿಗೆ ಸಹಿ ಹಾಕಿದವನು ನಾನು. ಕೋರ್ಟಿನ ಪ್ರಕರಣಗಳವನ್ನು ಬೇರೆ ತೆಗೆದಿಡಬೇಕು ಎಂದು ನಿಯಮವಿದೆ. ನಾನು ತೆಗೆದಿಡಲಿಲ್ಲ. ಮರೆತೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ.

ಎರಡು ಸಾವಿರದ ನಂತರ ಕಾನೂನು ಬದಲಾಯಿತು. ಹುಡುಗರೂ ಹದಿನೆಂಟು ತುಂಬುವವರೆಗೆ ಬಾಲಾಪರಾಧಿಗಳು ಎಂದಾಯಿತು. ಕೆಲವು ವರ್ಷ ಕಳೆದು, ಶಿಕ್ಷೆಯಾಗಿ ಜೈಲಿನಲ್ಲಿರುವವನೂ ಅಪರಾಧದ ದಿನ ನಾನು ಚಿಕ್ಕವನಿದ್ದೆ ಎಂದು ಕೇಳಿಕೊಳ್ಳಬಹುದು ಎಂದು ತಿದ್ದುಪಡಿ ಬಂತು. ಒಂದು ಬೆಳಿಗ್ಗೆ ಶೈಲಜಾ ಎಂಬ ಯುವ ವಕೀಲೆ ನನ್ನ ವಿಭಾಗಕ್ಕೆ ಬಂದಳು. ಕೈದಿಗಳಿಗೆ ಉಚಿತವಾಗಿ ನೆರವಾಗಲು ಜೈಲಿಗೆ ಹೋಗುತ್ತಿದ್ದವಳು. ತಿಪ್ಪೇಶನ ಅರ್ಜಿ ಹೈಕೋರ್ಟಿಗೆ ಹೋಗಿದೆ, ವಯಸ್ಸಿನ ವಿಚಾರಣೆಯನ್ನು ದುರ್ಗದ ಕೋರ್ಟೇ ನಡೆಸಲಿ ಎಂದು ಆದೇಶವಾಗಿದೆ ಎಂದಳು. ಈಗ ಎಕ್ಸ್‌ರೇ ತೆಗೆದರೆ ಪ್ರಯೋಜನವಿಲ್ಲ, ಮೂಳೆಗಳೆಲ್ಲ ಕೂಡಿ ಎಷ್ಟೋ ವರ್ಷವಾಗಿವೆ. ಉಳಿದದ್ದು ಹತ್ತೊಂಬತ್ತು ಎಂಬ ಡಾಕ್ಟರ ಪತ್ರ. ಆ ಡಾಕ್ಟರು ತೀರಿಕೊಂಡಿದ್ದರು.

ಫಿಲ್ಮು ಹರಾಜಾಗಿದೆ, ನನಗೆ ನೆನಪಿಲ್ಲ, ಸಾವಿರಾರು ತೆಗೆದಿದ್ದೇನೆ ಎಂದೆ. ಅವಳು ಹಿರಿಯೂರಿನ ಎಕ್ಸ್‌ರೇ ರಿಜಿಸ್ಟರಿನ ನಕಲು ತೆಗೆದು ಮೇಜಿನ ಮೇಲಿಟ್ಟಳು. ನನ್ನದೇ ಕೈಬರಹ.

'ಸಾರ್, ಎಲ್ಲಾ ಕಡೆ ಒಂದೊಂದೇ ಫಿಲ್ಮು ಐತೆ. ಇವ್ನ ಮೊಣಕೈಗೆ ಮಾತ್ರ ಎರಡು ಅಂತ ಬರ್ದಿದೀರಿ. ಎರಡನೇದು ಯಾಕೆ ತೆಗೆದ್ರಿ?'

ಹತ್ತು ವರ್ಷದಲ್ಲಿ ಪೊಲೀಸರು, ಡಾಕ್ಟರು, ಇಬ್ಬರು ವಕೀಲರು, ಒಬ್ಬ ನ್ಯಾಯಾಧೀಶರು ಕೇಳದೆ ಹೋದ ಪ್ರಶ್ನೆ. ನಾಳೆ ಬನ್ನಿ ಎಂದು ಕಳಿಸಿದೆ. ಆ ಸಂಜೆ ಊರ ಹೊರಗಿನ ಚಂದ್ರವಳ್ಳಿಯ ಕಡೆ ನಡೆದು ಹೋಗಿ, ಬೆಳಕಿರುವಾಗಲೇ ಹಿಂದಿರುಗಿದೆ; ಒಂಟಿ ಜಾಗದಲ್ಲಿ ಕೂರುವ ಧೈರ್ಯ ಆಗಲೂ ಇರಲಿಲ್ಲ. ಮರುದಿನ ಬಂದವಳಿಗೆ, ಮೊದಲನೆಯದರಲ್ಲಿ ಕಂಡದ್ದನ್ನು ನಂಬಲಿಕ್ಕಾಗದೆ ಎರಡನೆಯದು ತೆಗೆದೆ ಎಂದು ಹೇಳಿದೆ. ಕೋರ್ಟಿನಲ್ಲಿ ಹೇಳ್ತೀರಾ ಎಂದಳು. ಹ್ಞೂಂ ಎಂದೆ. ಅವಳು ನನ್ನನ್ನು ಹೊಗಳಲಿಲ್ಲ, ಅದೊಂದು ಒಳ್ಳೆಯದು ಮಾಡಿದಳು.

ಈ ಸಲದ ಸರ್ಕಾರಿ ವಕೀಲರು ಚುರುಕಿನವರು. ನನ್ನ ಹಳೆಯ ಹೇಳಿಕೆಯನ್ನು ಓದಿ ಹೇಳಿ, 'ಅವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಾ ಇದೀರೋ?' ಎಂದರು.

'ಅವತ್ತು.'

ಯಾರ ಒತ್ತಡದಿಂದ ಎಂದು ಕೇಳಿದರು. ಯಾರದ್ದೂ ಇರಲಿಲ್ಲ, ಹೆದರಿಕೆಯಿಂದ ಎಂದೆ. ಹಾಗಾದರೆ ಹತ್ತು ವರ್ಷದ ಹಿಂದೆ ಕಂಡ ಗೆರೆ ಇವತ್ತು ನೆನಪಿದೆಯೇ ಎಂದು ನಕ್ಕರು. ನ್ಯಾಯಾಧೀಶರು ಒಂದು ಬಿಳಿ ಹಾಳೆ ಕೊಟ್ಟು ಬರೆದು ತೋರಿಸಿ ಎಂದರು. ಮೊಣಕೈಯ ಮೂರು ಮೂಳೆ, ತೆರೆದಿದ್ದ ಗೆರೆಗಳು, ಅವುಗಳ ಅಗಲ, ಎಲ್ಲವನ್ನೂ ಬರೆದೆ. ಎಷ್ಟೋ ವರ್ಷ ಕಣ್ಣು ಮುಚ್ಚಿದರೆ ಕಾಣುತ್ತಿದ್ದುದನ್ನು ಬರೆಯಲು ನೆನಪು ಬೇಕಾಗಿರಲಿಲ್ಲ. ಬೇರೆ ಊರಿನಿಂದ ಬಂದ ಎಕ್ಸ್‌ರೇ ತಜ್ಞರು ಆ ಹಾಳೆ ನೋಡಿ, ಹೀಗೆ ಇದ್ದದ್ದು ನಿಜವಾದರೆ ಹದಿನಾರು ದಾಟಿರಲು ಸಾಧ್ಯವಿಲ್ಲ ಎಂದರು. ರಿಜಿಸ್ಟರಿನಲ್ಲಿದ್ದ ಎರಡು ಫಿಲ್ಮಿನ ನಮೂದು ನನ್ನ ಮಾತಿಗೆ ಊರುಗೋಲಾಯಿತು.

ಇಳಿಯುವ ಮೊದಲು, ಇನ್ನೊಂದು ಮಾತಿದೆ, ಅವನು ನನ್ನ ಮೇಲೆ ಲಿವರ್ ಬೀಸಲಿಲ್ಲ, ಪೆಟ್ಟಿಗೆಗೆ ಹಾಕಿದ ಎಂದು ಹೇಳತೊಡಗಿದೆ. ಇದು ವಯಸ್ಸಿನ ವಿಚಾರಣೆ ಮಾತ್ರ ಎಂದು ಸರ್ಕಾರಿ ವಕೀಲರು ಎದ್ದು ತಡೆದರು. ನ್ಯಾಯಾಧೀಶರು ಹೌದೆಂದು ತಲೆಯಾಡಿಸಿದರು. ಟೈಪಿಸ್ಟ್ ಕೀಲಿಗಳಿಂದ ಬೆರಳೆತ್ತಿ ಕುಳಿತಳು. ಆ ಮಾತು ಇಂದಿಗೂ ಯಾವ ದಾಖಲೆಯಲ್ಲೂ ಇಲ್ಲ. ನನ್ನ ಸುಳ್ಳು ಮಾತ್ರ ಮೊಹರಿನ ಸಮೇತ ಭದ್ರವಾಗಿದೆ.

ಅಪರಾಧದ ದಿನ ಅವನು ಹದಿನೆಂಟರ ಒಳಗಿದ್ದ ಎಂದು ತೀರ್ಮಾನವಾಯಿತು. ಬಾಲಾಪರಾಧಿಯನ್ನು ಹೆಚ್ಚೆಂದರೆ ಮೂರು ವರ್ಷ ಇಡಬಹುದಾಗಿತ್ತು. ಹತ್ತಕ್ಕೂ ಹೆಚ್ಚು ಆಗಿತ್ತು. ಬಿಟ್ಟರು. ಹೆಚ್ಚುವರಿ ವರ್ಷಗಳನ್ನು ಏನು ಮಾಡಬೇಕೆಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ. ಇಲಾಖೆಯಿಂದ ನನಗೊಂದು ನೋಟಿಸು ಬಂತು. ಸುಳ್ಳು ಹೇಳಿದ್ದಕ್ಕಲ್ಲ, ಮೇಲಧಿಕಾರಿಯ ವರದಿಗೆ ವಿರುದ್ಧವಾಗಿ ಮಾತಾಡಿದ್ದಕ್ಕೆ.

ಬಿಡುಗಡೆಯ ಸುದ್ದಿ ಬಂದ ಮೇಲೆ ನಾನು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡೆ. ಹೊರಗೆ ಸರದಿಯಲ್ಲಿ ನಿಂತವರ ಮುಖಗಳನ್ನು ಮೊದಲು ನೋಡಿ ಆಮೇಲೆ ಒಳಗೆ ಕರೆಯುತ್ತಿದ್ದೆ. ಕೆ‌ಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸರದಿಯಲ್ಲಿ ಅವನಿದ್ದ. ಜೊತೆಗೆ ತಾಯಿ, ತೀರಾ ಮುದುಕಿಯಾಗಿದ್ದಳು. ಹೊರರೋಗಿ ವಿಭಾಗದ ಚೀಟಿಯನ್ನು ಮುಂದೆ ಹಿಡಿದ. ಕೆಮ್ಮು ಬಿಟ್ಟಿಲ್ಲ, ಎದೆಯ ಎಕ್ಸ್‌ರೇ ಎಂದು ಬರೆದಿತ್ತು.

ನಿಲ್ಲಿಸಿದೆ. ಎದೆಯ ಎಕ್ಸ್‌ರೇಗೆ ರೋಗಿ ಗೋಡೆಗೆ ಮುಖ ಮಾಡಿ ನಮಗೆ ಬೆನ್ನು ಕೊಟ್ಟು ನಿಲ್ಲಬೇಕು. ಅವನು ಅಂಗಿ ಬಿಚ್ಚಿ ಬೆನ್ನು ಕೊಟ್ಟು ನಿಂತ. ಭುಜ ಮುಂದಕ್ಕೆ ತಳ್ಳಲು ಮುಟ್ಟಿದಾಗ ನಾವಿಬ್ಬರೂ ಬೆಚ್ಚಿದೆವು; ಅವನು ನನಗಿಂತ ಹೆಚ್ಚು. ಉಸಿರು ಎಳೆದು ಹಿಡಿಯಲು ಹೇಳಿದೆ. ಹಿಡಿದ. ಬಿಡು ಎನ್ನುವುದನ್ನು ನಾನು ಮರೆತೆ. ಯಂತ್ರ ಸದ್ದು ಮಾಡಿ ನಿಂತ ಮೇಲೂ ಎಷ್ಟೋ ಹೊತ್ತಿನವರೆಗೆ ಅವನು ಉಸಿರು ಹಿಡಿದೇ ನಿಂತಿದ್ದ.

ಅಂಗಿ ಹಾಕಿಕೊಂಡು ಮೇಜಿನ ಮುಂದೆ ಬಂದ. ರಿಜಿಸ್ಟರು ತೆರೆದು ಹೆಸರು ಬರೆದೆ, ಊರು ಬರೆದೆ. ಮುಂದಿನದು ವಯಸ್ಸಿನ ಕಾಲಮ್ಮು. ಹೊರರೋಗಿ ಚೀಟಿಯಲ್ಲಿ ಅದನ್ನು ಬರೆಯದೆ ಬಿಟ್ಟಿದ್ದರು. ಎಷ್ಟಪ್ಪ ವಯಸ್ಸು ಎಂದು ಕೇಳಿದೆ. ಬಾಯಿಂದ ಬಂದ ಮೇಲೆ ಏನು ಕೇಳಿದೆನೆಂದು ತಿಳಿಯಿತು.

ಅವನು ಸಿಟ್ಟಾಗಲಿಲ್ಲ. ವ್ಯಂಗ್ಯವೂ ಇರಲಿಲ್ಲ. ತಾಯಿಯ ಮುಖ ನೋಡಿದ, ಅವಳು ನೆಲ ನೋಡಿದಳು.

'ನೀವೇ ಬರ್ಕಳ್ರಿ ಸಾರ್' ಎಂದ.

ಆ ಕಾಲಮ್ಮು ಖಾಲಿ ಇದೆ. ತಪಾಸಣೆಗೆ ಬಂದವರು ಅದರ ಸುತ್ತ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಏಕೆ ತುಂಬಿಲ್ಲವೆಂದು ಬರೆದು ಕೊಡಲು ಹೇಳಿದರು. ನಾನು ಕೊಡಲಿಲ್ಲ.